ಒಂದೇ ಖಾನೆಯ ಎರಡು ತಗಡು

ಫೆಬ್ರವರಿ ೬

ಮಗಳೇ,

ಫೋನಿನಲ್ಲಾದರೆ ಮೂರನೇ ಮಾತಿಗೆ ನಮ್ಮಿಬ್ಬರಲ್ಲಿ ಒಬ್ಬರು ಕಟ್ ಮಾಡುತ್ತೇವೆ. ಕಾಗದವನ್ನು ಹಾಗೆ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ಅಷ್ಟರೊಳಗೆ ಓದಿ ಮುಗಿಸಿರುತ್ತೀಯ. ಆದ್ದರಿಂದ ಈ ವ್ಯವಸ್ಥೆ. ಕಚೇರಿಯ ಟಪಾಲು ಚೀಲದಲ್ಲಿ ಸ್ವಂತ ಕಾಗದ ಹಾಕಬಾರದೆಂಬ ಸುತ್ತೋಲೆಯನ್ನು ಟೈಪ್ ಮಾಡಿದವಳು ನಾನೇ ಆದ್ದರಿಂದ, ಅದರಲ್ಲಿ ತೂತು ಎಲ್ಲಿದೆ ಎಂಬುದೂ ನನಗೇ ಗೊತ್ತು.

ಮುಖ್ಯ ಸುದ್ದಿ. ಪ್ರಧಾನ ಕಚೇರಿಯ ಮೂರನೇ ಮಹಡಿಯಲ್ಲಿ ಇಷ್ಟು ವರ್ಷ ಡೀಸೆಲ್ ಲೆಕ್ಕದ ಪ್ರೋಗ್ರಾಂ ಬರೆದು ಬರೆದು ಡೀಸೆಲ್ ವಾಸನೆ ಹಿಡಿದಿರುವ ನಿನ್ನ ತಾಯಿಗೆ ಕೊನೆಗೂ ಒಂದು ಮರ್ಯಾದೆಯ ಕೆಲಸ ಸಿಕ್ಕಿದೆ. ನಿಮ್ಮ ಡಿಪೋದ ಗೋಡೆಯ ಮೇಲಿನ ಹಿರಿತನದ ಬೋರ್ಡನ್ನು ಇಳಿಸುತ್ತಾರೆ. ವರ್ಷಕ್ಕೊಮ್ಮೆ ಡ್ರೈವರುಗಳೆಲ್ಲ ಹಿರಿತನದ ಸಾಲಿನಲ್ಲಿ ನಿಂತು ತಮತಮಗೆ ಬೇಕಾದ ರೂಟು ಆರಿಸಿಕೊಳ್ಳುತ್ತೀರಲ್ಲ, ಆ ಸಾಲನ್ನು ಇನ್ನು ಮುಂದೆ ಕಟ್ಟುವುದು ನನ್ನ ಪ್ರೋಗ್ರಾಂ. ಮೊದಲ ಪ್ರಯೋಗಕ್ಕೆ ನಿಮ್ಮ ಡಿಪೋವೇ ಬಲಿ.

ನಿನಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಅಂಕಿ ಕೊಟ್ಟರೆ ಕಂಪ್ಯೂಟರು ತಾನಾಗಿಯೇ ಚಿಕ್ಕದು ದೊಡ್ಡದು ಎಂದು ಜೋಡಿಸುತ್ತದೆ. ಅಕ್ಷರ ಕೊಟ್ಟರೂ ಸರಿ. ಆದರೆ ನಾನು "ಡ್ರೈವರ್" ಎಂದು ಒಂದು ಕ್ಲಾಸ್ ಮಾಡಿ, ನಿಮ್ಮೊಬ್ಬೊಬ್ಬರನ್ನೂ ಒಂದೊಂದು ಆಬ್ಜೆಕ್ಟ್ ಮಾಡಿ ಒಳಗೆ ಬಿಟ್ಟರೆ ಅದು ಕಣ್ಣುಕಣ್ಣು ಬಿಡುತ್ತದೆ. ಇಬ್ಬರು ಡ್ರೈವರುಗಳಲ್ಲಿ ಯಾರು ಮೊದಲು ಎಂದು ಅದಕ್ಕೆ ಹುಟ್ಟಿನಿಂದ ಗೊತ್ತಿಲ್ಲ. ಹೇಳಿಕೊಡಬೇಕು. ನಾವೇ ಮಾಡಿದ್ದಕ್ಕೆ ಎಲ್ಲಿ ನಿಲ್ಲಬೇಕೆಂದು ನಾವೇ ಹೇಳಿಕೊಡಬೇಕಾದ ಕರ್ಮ. ಈ ವಿಷಯದಲ್ಲಿ ನನಗೆ ಮನೆಯಲ್ಲಿ ಯಶಸ್ಸು ಸಿಗಲಿಲ್ಲ. ಕಚೇರಿಯಲ್ಲಾದರೂ ಸಿಗುತ್ತದೆಯೋ ನೋಡೋಣ.

ನಿನ್ನ ಗೆಳತಿ ಹಾರನ್ ಹೇಗಿದ್ದಾಳೆ? ತರಬೇತಿ ಮುಗಿದ ದಿನ ಇಬ್ಬರೂ ಒಟ್ಟಿಗೆ ಬಂದು ಊಟ ಮಾಡಿದಿರಿ. ಹಾರನ್ ಒತ್ತುವ ಚಟಕ್ಕೆ ಅವಳಿಗೆ ಆ ಹೆಸರಿಟ್ಟದ್ದೂ ಅಂದೇ. ಆಮೇಲೆ ಅವಳ ಸುದ್ದಿಯೇ ಇಲ್ಲ.

ಈ ವರ್ಷವಾದರೂ ನಲವತ್ತೊಂದನ್ನು ಆರಿಸುತ್ತೀಯಾ? ನನ್ನ ಕಿಟಕಿಯ ಕೆಳಗೇ ಬಂದು ನಿಲ್ಲುತ್ತದೆ. ಬೆಳಗ್ಗೆ ಹತ್ತಕ್ಕೆ ಬಂದ ಡ್ರೈವರು ಸಂಜೆ ನಾಲ್ಕರವರೆಗೆ ಇಲ್ಲೇ ಬೀದಿ ಅಳೆಯುತ್ತಿರುತ್ತಾನೆ. ಸುಮ್ಮನೆ ಹೇಳಿದೆ.

ಇತಿ,
ನಿನ್ನ ಅಮ್ಮ, ಕಿಟಕಿ ಪಕ್ಕದ ಕುರ್ಚಿ

•

ಫೆಬ್ರವರಿ ೧೧

ಅಮ್ಮ,

ಸುಮ್ಮನೆ ಹೇಳಲಿಲ್ಲ ನೀನು. ಸುಮ್ಮನೆ ಏನನ್ನೂ ಹೇಳಿದವಳಲ್ಲ.

ನಲವತ್ತೊಂದು ನಮ್ಮ ಡಿಪೋದಲ್ಲಿ ಶಿಕ್ಷೆ ಎಂದು ಯಾರೂ ನಿನಗೆ ಹೇಳಿಲ್ಲ ಅಂತ ಕಾಣುತ್ತದೆ. ನಸುಕಿಗೆ ಒಂದು ತುಂಡು, ಸಂಜೆಗೆ ಒಂದು ತುಂಡು, ಮಧ್ಯೆ ಆರು ಗಂಟೆಯ ಹೊಂಡ. ಆ ಹೊಂಡಕ್ಕೆ ಸಂಬಳವಿಲ್ಲ. ಬಸ್ಸಿನ ಗೇರು ಹಾಕಬೇಕಾದರೆ ಎರಡು ಕೈ, ಒಂದು ಬೈಗುಳ ಬೇಕು. ಎಲ್ಲರೂ ಆರಿಸಿ ಬಿಟ್ಟ ಮೇಲೆ ಸಾಲಿನ ಕೊನೆಯವನ ಪಾಲಿಗೆ ಉಳಿಯುವ ರೂಟು ಅದು. ನನಗೆ ಬೇಡ.

ನನಗೆ ಬೇಕಾದದ್ದು ಏಳು. ಬೆಳಗ್ಗೆ ಹೊರಟು ಎರಡು ಗಂಟೆಗೆ ಮುಗಿಯುತ್ತದೆ, ನೇರ ರಸ್ತೆ, ಹೊಸ ಬಸ್ಸು. ನಮಗಿಂತ ಹಿರಿಯರಿಗೆ ಊರೊಳಗಿನ ಸಣ್ಣ ರೂಟುಗಳ ಮೇಲೆ ಪ್ರೀತಿ. ನಮಗಿಂತ ಕಿರಿಯರೆಲ್ಲ ಏಳರ ಮೇಲೆ ಕಣ್ಣಿಟ್ಟವರೇ. ಹೋದ ವರ್ಷ "ಏಳನ್ನು ನನಗೆ ಬಿಡು" ಎಂದು ಹಾರನ್ ಹತ್ತಿರ ಬಾಯಿಬಿಟ್ಟು ಕೇಳಿದ್ದೆ. "ನೋಡೋಣ" ಅಂದಳು. ನೋಡಿದಳು. ತಾನೇ ತಗೊಂಡಳು. ಅವತ್ತಿನಿಂದ ಮಾತಿಲ್ಲ. ಈ ವರ್ಷ ಸರದಿ ನನ್ನದು. ಅವಳ ಮುಖ ನೋಡಬೇಕು ಅಂತ ಕಾಯುತ್ತಿದ್ದೇನೆ. ಸಣ್ಣ ಬುದ್ಧಿ ಅನ್ನು, ಪರವಾಗಿಲ್ಲ.

ಬೋರ್ಡು ಇಳಿಸುವುದು ಯಾರಿಗೂ ಇಷ್ಟವಿಲ್ಲ. ಖಾನೆಯಲ್ಲಿ ಸಿಕ್ಕಿಸಿದ ತಗಡಿನ ಮೇಲೆ ನಮ್ಮ ಹೆಸರಿತ್ತು, ಎಣ್ಣೆ ಕೈಯಲ್ಲಿ ಮುಟ್ಟಬಹುದಿತ್ತು. ಆಬ್ಜೆಕ್ಟನ್ನು ಎಲ್ಲಿ ಮುಟ್ಟುವುದು?

ಇತಿ,
ಮಗಳು, ಬಸ್ ಚಾಲಕಿ. ನೀನು ಈ ಪದ ಬರೆದು ನೋಡಿದ್ದೀಯಾ? ಬರೆಯುವುದು ಕಷ್ಟವಿಲ್ಲ.

•

ಮಾರ್ಚ್ ೨

ಅಮ್ಮ,

ಏನು ಮಾಡಿದೆ ನೀನು?

ಇವತ್ತು ಬೆಳಗ್ಗೆ ನಿನ್ನ ಪಟ್ಟಿ ಬಂತು. ಗಾಜಿನೊಳಗೆ ಅಂಟಿಸಿದರು. ಎಲ್ಲರೂ ಹೆಗಲಿಗೆ ಹೆಗಲು ತಾಗಿಸಿ ನೋಡಿದೆವು. ನನ್ನ ಹೆಸರು ಇದ್ದ ಜಾಗದಲ್ಲೇ ಇದೆ. ಹಾರನ್ ಇಲ್ಲ. ಮೇಲೆ ಇಲ್ಲ, ಕೆಳಗೆ ಇಲ್ಲ, ಹಿಂದಿನ ಪುಟದಲ್ಲೂ ಇಲ್ಲ. ಅವಳೊಬ್ಬಳೇ ಇಲ್ಲ.

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಪಟ್ಟಿ ಮಾಡಿದವಳು ಯಾರ ಅಮ್ಮ ಅಂತ ಇಲ್ಲಿ ಗೊತ್ತಿಲ್ಲದವರಿಲ್ಲ. ಹಾರನ್‌ಗೂ ನನಗೂ ಮಾತಿಲ್ಲ ಅಂತಲೂ ಗೊತ್ತಿಲ್ಲದವರಿಲ್ಲ. ಟಯರ್ ವಿಭಾಗದ ಮೇಸ್ತ್ರಿ ನಗುತ್ತಾ, "ನಮ್ಮ ಹೆಂಡ್ತಿ ತಮ್ಮನ ಹೆಸರೂ ಒಂಚೂರು ತೆಗೆಸಿಕೊಡಮ್ಮ" ಅಂದ. ಹಾರನ್ ಪಟ್ಟಿಗೆ ಬೆನ್ನು ಹಾಕಿದಳು. ಬಸ್ ಹತ್ತಿ ಹೋದಳು. ಗೇಟು ದಾಟುವಾಗ ಹಾರನ್ ಕೂಡ ಒತ್ತಲಿಲ್ಲ.

ನಿಜ ಹೇಳಲಾ? ಪಟ್ಟಿ ನೋಡಿದ ಮೊದಲ ಗಳಿಗೆ ನನಗೆ ಖುಷಿಯಾಯಿತು. ಎರಡನೇ ಗಳಿಗೆಯಿಂದ ಊಟ ಸೇರುತ್ತಿಲ್ಲ.

ನಾನು ನಿನಗೆ ಬರೆದ ಕಾಗದ ಓದಿ ನೀನೇ ತೆಗೆದೆಯಾ? ಹೌದು ಇಲ್ಲ ಅಂತ ಒಂದೇ ಮಾತು ಬರಿ. ನಾಲ್ಕು ಪುಟ ಬೇಡ.

ಇತಿ, ಮಗಳು

•

ಮಾರ್ಚ್ ೪

ಇಲ್ಲ.

ಅಮ್ಮ

•

ಮಾರ್ಚ್ ೯

ಮಗಳೇ,

ಒಂದು ಮಾತಿನ ಕಾಗದ ಬರೆದು ನನಗೆ ಅಭ್ಯಾಸವಿಲ್ಲ. ಐದು ದಿನ ಉಸಿರು ಕಟ್ಟಿದ ಹಾಗಾಗಿತ್ತು. ಈಗ ಕಾರಣ ಸಿಕ್ಕಿದೆ, ನಾಲ್ಕು ಪುಟ ಸಹಿಸಿಕೋ.

ಈ ಐದು ದಿನ ಇಡೀ ಮಹಡಿಗೆ ನಾನು ನೆಮ್ಮದಿ ಕೊಡಲಿಲ್ಲ. ಕೂರುವುದು, ಏಳುವುದು, ಕಿಟಕಿಗೆ ಹೋಗುವುದು, ಚಹಾ ತರಿಸಿ ಆರಿಸಿ ಚೆಲ್ಲುವುದು. ಪ್ರೋಗ್ರಾಂ ಎಲ್ಲೂ ತಪ್ಪು ತೋರಿಸಲಿಲ್ಲ. ಕೆಂಪು ಗೆರೆ ಇಲ್ಲ, ದೂರು ಇಲ್ಲ. ಕಂಪ್ಯೂಟರು ಬೈದರೆ ಸಹಿಸಬಹುದು ಮಗಳೇ, ಇಷ್ಟು ಸಭ್ಯವಾಗಿ ಸುಮ್ಮನಿದ್ದರೆ ಸಹಿಸುವುದು ಕಷ್ಟ.

ಹೆಸರುಗಳನ್ನು ನಾನು ಎಂಥದರೊಳಗೆ ಇಟ್ಟಿದ್ದೆನೆಂದರೆ, ಅದು ಸದಾ ಸಾಲಾಗಿಯೇ ಇರುವ ಒಂದು ಗುಂಪು. ಒಬ್ಬೊಬ್ಬರು ಬಂದ ಹಾಗೆ ಅವರವರ ಜಾಗ ಹುಡುಕಿ ನಿಲ್ಲಿಸುತ್ತದೆ. ಜೊತೆಗೆ ಇನ್ನೊಂದು ಗುಣ: ಒಬ್ಬರನ್ನೇ ಎರಡು ಸಲ ಒಳಗೆ ಬಿಡುವುದಿಲ್ಲ. ಎಷ್ಟು ಶಿಸ್ತಿನ ಗುಂಪು ಎಂದು ನಾನು ಅದನ್ನೇ ಆರಿಸಿದ್ದೆ. ಬಾಗಿಲಲ್ಲಿ ಕೇಳಲು ನಾನು ಅದಕ್ಕೆ ಕಲಿಸಿದ್ದು ಒಂದೇ ಪ್ರಶ್ನೆ: ಕೆಲಸಕ್ಕೆ ಸೇರಿದ ದಿನ ಯಾವುದು? ಒಳಗಿರುವವರಿಗಿಂತ ಮುಂಚೆಯಾದರೆ ಮುಂದೆ ನಿಲ್ಲು, ಆಮೇಲಾದರೆ ಹಿಂದೆ ನಿಲ್ಲು.

ನೀನು ಒಳಗೆ ಹೋದೆ, ನಿನ್ನ ಜಾಗದಲ್ಲಿ ನಿಂತೆ. ಆಮೇಲೆ ಹಾರನ್ ಬಂದಳು. ಯಾವಾಗ ಸೇರಿದೆ? ಅದೇ ದಿನ. ಇವಳಿಗಿಂತ ಮುಂಚೆಯೋ? ಅಲ್ಲ. ಆಮೇಲೆಯೋ? ಅಲ್ಲ. ಮುಂದೂ ಅಲ್ಲ ಹಿಂದೂ ಅಲ್ಲ ಎಂದರೆ ನೀನು ಬೇರೆಯವಳೇ ಅಲ್ಲ, ಒಳಗಿರುವವಳೇ ನೀನು, ಎಂದು ಬಾಗಿಲು ಹಾಕಿಕೊಂಡಿತು. ಹೆಸರು ಬೇರೆ, ಊರು ಬೇರೆ, ಮೂಗು ಬೇರೆ. ಅದಕ್ಕೇನು, ನಾನು ಮೂಗು ನೋಡು ಎಂದು ಕಲಿಸಿರಲಿಲ್ಲ. ಎಷ್ಟು ಜನ ಒಳಗೆ ಹೋದರು, ಎಷ್ಟು ಜನ ಹೊರಗೆ ಬಂದರು ಎಂದು ಎಣಿಸುವ ಬುದ್ಧಿಯೂ ನನಗೆ ಬರಲಿಲ್ಲ.

ಅವಳನ್ನು ಯಾರೂ ಅಳಿಸಲಿಲ್ಲ. ನನ್ನ ಪ್ರೋಗ್ರಾಂ ನಿಮ್ಮಿಬ್ಬರನ್ನು ಒಬ್ಬಳೇ ಅಂದುಕೊಂಡಿತು. ನೀವು ಮಾತು ಬಿಟ್ಟಿರುವ ವಿಷಯ ಅದಕ್ಕೆ ಗೊತ್ತಿರಲಿಲ್ಲ.

ಒಂದೇ ಒಂದು ವಿಷಯ ನನಗೆ ಅರ್ಥವಾಗುತ್ತಿಲ್ಲ. ಅದೇ ದಿನ ಸೇರಿದವರನ್ನು ಹಳೆಯ ಬೋರ್ಡು ಹೇಗೆ ನಿಭಾಯಿಸುತ್ತಿತ್ತು? ಒಂದು ಖಾನೆಗೆ ಒಂದೇ ತಗಡು ಇತ್ತಲ್ಲ.

ಇತಿ,
ಅಮ್ಮ

•

ಮಾರ್ಚ್ ೧೨

ಅಮ್ಮ,

ಒಂದೇ ತಗಡು ಇತ್ತು ಅಂತ ನಿನಗೆ ಹೇಗೆ ಗೊತ್ತು?

ನಮ್ಮ ಖಾನೆಯಲ್ಲಿ ಎರಡು ತಗಡು. ಒಂದರ ಹಿಂದೆ ಒಂದು. ಒಂದು ವರ್ಷ ಅವಳದು ಮುಂದೆ, ಒಂದು ವರ್ಷ ನನ್ನದು. ಮುಂದಿದ್ದವಳು ಮೊದಲು ಆರಿಸುತ್ತಾಳೆ, ಹಿಂದಿದ್ದವಳು ಅವಳ ಬೆನ್ನಿಗೆ. ಜನವರಿಯಲ್ಲಿ ಗುಮಾಸ್ತರು ಬಂದು ಎರಡನ್ನೂ ಎಳೆದು ಅದಲುಬದಲು ಮಾಡುತ್ತಾರೆ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಎಲ್ಲರಿಗೂ ಗೊತ್ತು ಅಷ್ಟೆ. ಕಂಪ್ಯೂಟರಿಗೆ ಕಳಿಸಲು ಹೆಸರು ಟೈಪ್ ಮಾಡಿದ್ದೂ ಅವರೇ. ಮುಂದಿನ ತಗಡು ಮೊದಲು, ಹಿಂದಿನದು ಆಮೇಲೆ.

ನಿನ್ನೆ ಬಸ್ ತೊಳೆಯುವ ಅಂಗಳದಲ್ಲಿ ಹಾರನ್ ನನ್ನನ್ನು ಅಡ್ಡಹಾಕಿದಳು. ಮೊಣಕಾಲವರೆಗೆ ನೊರೆ, ಕೈಯಲ್ಲಿ ಪೈಪು. ನೀರು ಹಾರಿಸುತ್ತಾಳೆ ಅಂತ ಎರಡು ಹೆಜ್ಜೆ ಹಿಂದೆ ಸರಿದೆ. ಹಾರಿಸಲಿಲ್ಲ.

"ಎದುರಿಗೆ ನಿಂತು ಏಳು ನಂದು ಅಂದಿದ್ರೆ ಬಿಡ್ತಿದ್ದೆ. ನಿಮ್ಮಮ್ಮನ ಕೈಲಿ ಹೆಸ್ರು ತೆಗೆಸೋದಾ?"

ನಿನ್ನ ನಾಲ್ಕು ಪುಟವನ್ನು ಕೈಗೆ ಕೊಟ್ಟೆ. ಅಲ್ಲೇ ಬಕೆಟ್ ಬೋರಲು ಹಾಕಿ ಕೂತು ಓದಿದಳು. ನೀನು ಮೂಗಿನ ಮಾತು ಬರೆದ ಜಾಗದಲ್ಲಿ ಸ್ವಲ್ಪ ನಗು ಬಂದ ಹಾಗಾಯಿತು, ತಡೆದುಕೊಂಡಳು. ಆಮೇಲೆ ಹೇಳಿದಳು. ಅವಳ ಅಮ್ಮನಿಗೆ ಮರೆವು. ಗೇಟು ತೆಗೆದು ರಸ್ತೆಗೆ ಹೋದರೆ ಮನೆ ಯಾವುದೆಂದು ನೆನಪಿಲ್ಲ. ಪಕ್ಕದ ಮನೆಯಾಕೆ ಎರಡೂವರೆಯವರೆಗೆ ನೋಡಿಕೊಳ್ಳುತ್ತಾಳೆ, ಆಮೇಲೆ ಅವಳೂ ಕೆಲಸಕ್ಕೆ ಹೋಗಬೇಕು. ಹೋದ ವರ್ಷ ಏಳನ್ನು ಹಿಡಿದದ್ದು ಅದಕ್ಕೆ.

ನನಗ್ಯಾಕೆ ಹೇಳಲಿಲ್ಲ ಅಂದೆ. "ಹೇಳಿದ್ರೆ ನೀನು ಬಿಟ್ಟುಕೊಡ್ತಿದ್ದೆ. ಆಮೇಲೆ ವರ್ಷವಿಡೀ ಅಯ್ಯೋ ಪಾಪ ಅಂತ ಮುಖ ಮಾಡ್ಕೊಂಡು ಚಹಾ ಕೊಡಿಸ್ತಿದ್ದೆ" ಅಂದಳು. ಸುಳ್ಳಲ್ಲ.

ಇನ್ನೊಂದು. ಗೇಟಿನ ಕಾವಲುಗಾರರು ಹೇಳಿದರು. ಜನವರಿಯಲ್ಲಿ ಪ್ರಧಾನ ಕಚೇರಿಯಿಂದ ಕನ್ನಡಕದ ಹೆಂಗಸೊಬ್ಬರು ಬಂದಿದ್ದರಂತೆ. ಬೋರ್ಡಿನ ಮುಂದೆ ತುಂಬ ಹೊತ್ತು ನಿಂತಿದ್ದರಂತೆ. ಒಂದು ತಗಡನ್ನು ಸೆರಗಿನಿಂದ ಒರೆಸಿದರಂತೆ.

ನೀನು ಬಂದಿದ್ದೆಯಾ?

ಇತಿ, ಮಗಳು

•

ಮಾರ್ಚ್ ೧೫

ಮಗಳೇ,

ಬಂದಿದ್ದೆ. ಬೋರ್ಡು ನೋಡಿಕೊಂಡು ಬರಲು ಕಚೇರಿಯೇ ಕಳಿಸಿತ್ತು. ನೀನು ಡ್ಯೂಟಿಯ ಮೇಲಿದ್ದೆ, ಬರುವುದು ಸಂಜೆಯಾಗುತ್ತದೆ ಎಂದರು. ಕಾಯಬಹುದಿತ್ತು. ಕಾದರೆ ಏನು ಮಾತಾಡುವುದೆಂದು ಮನಸ್ಸಿನಲ್ಲೇ ಹೇಳಿಕೊಂಡು ನೋಡಿದೆ. ಮೂರನೇ ಮಾತು ಸರಿಯಾಗಿ ಬರಲಿಲ್ಲ. ವಾಪಸ್ ಬಂದೆ.

ನಿನ್ನ ತಗಡು ಕಂಡಿತು. ಹೆಸರು, ಅದರ ಕೆಳಗೆ "ಚಾಲಕಿ" ಎಂದು ಬಿಳಿ ಬಣ್ಣದಲ್ಲಿ. ಅಷ್ಟು ಜನರ ನಡುವೆ ನಿನ್ನದೊಂದು ಖಾನೆ. ಧೂಳಿತ್ತು, ಒರೆಸಿದೆ. ಹಿಂದೆ ಇನ್ನೊಂದು ತಗಡು ಇರಬಹುದೆಂದು ಎತ್ತಿ ನೋಡುವುದೇ ಹೊಳೆಯಲಿಲ್ಲ. ಒಂದು ಖಾನೆ, ಒಂದು ಹೆಸರು ಎಂದು ಗುರುತು ಹಾಕಿಕೊಂಡು ಬಂದುಬಿಟ್ಟೆ. ಬೇರೆಯವರ ಮಕ್ಕಳ ಬೋರ್ಡಾಗಿದ್ದರೆ ಬಹುಶಃ ಸರಿಯಾಗಿ ನೋಡುತ್ತಿದ್ದೆ.

ಈಗ ಮುಖ್ಯ ವಿಷಯ. ಪ್ರೋಗ್ರಾಂ ತಿದ್ದಿದ್ದೇನೆ. ಅರ್ಧ ಗಂಟೆಯ ಕೆಲಸ. ಆದರೆ ತಿದ್ದಿದ್ದನ್ನು ಬಳಕೆಗೆ ತರಲು ಸಮಿತಿ ಕೂರಬೇಕು. ಸಮಿತಿ ಕೂರಲು ಸಮಿತಿಯ ಅಧ್ಯಕ್ಷರು ಎದ್ದು ಬರಬೇಕು. ಅವರು ಮೇ ತಿಂಗಳವರೆಗೆ ರಜೆ. ನಮ್ಮ ದೊಡ್ಡವರ ಹತ್ತಿರ ಮೂರು ಸಲ ಹೋದೆ. "ಕಂಪ್ಯೂಟರು ತಪ್ಪು ತೋರಿಸಿದೆಯೇ?" ಎಂದರು. ಇಲ್ಲ ಎಂದೆ. "ಮತ್ತೆ ತಪ್ಪೆಲ್ಲಿದೆ?" ಎಂದರು. ಇಂಥ ತರ್ಕದ ಮುಂದೆ ನನ್ನ ಪ್ರೋಗ್ರಾಂ ಎಷ್ಟೋ ವಾಸಿ.

ಪಟ್ಟಿಗೆ ಸಹಿ ಬಿದ್ದಾಗಿದೆ. ಬಿಟ್ಟುಹೋದವರನ್ನು ಕೊನೆಯ ಹೆಸರಿನ ಕೆಳಗೆ ಶಾಯಿಯಲ್ಲಿ ಸೇರಿಸಬಹುದು. ಇಷ್ಟೇ ನಿಯಮ ಅಂತೆ.

ಎಂದರೆ ಹಾರನ್ ಎಲ್ಲರಿಗಿಂತ ಕೊನೆಗೆ ಆರಿಸುತ್ತಾಳೆ. ಅವಳಿಗೆ ಏನು ಉಳಿದಿರುತ್ತದೆಂದು ನೀನೇ ಬರೆದಿದ್ದೀಯ. ಅವಳ ಅಮ್ಮ ಗೇಟು ತೆಗೆಯುವುದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿದೆ.

ಇತಿ,
ಅಮ್ಮ

•

ಮಾರ್ಚ್ ೨೦

ಅಮ್ಮ,

ಡಿಪೋ ಮ್ಯಾನೇಜರನ್ನು ಕೇಳಿದೆ. ಶಾಯಿ, ಕೊನೆ, ನಿಯಮ ಅಂತ ಅವರೂ ಅದನ್ನೇ ಹೇಳಿದರು. ನನ್ನ ಜಾಗ ಅವಳಿಗೆ ಕೊಡಿ, ನಾನು ಕೊನೆಗೆ ಹೋಗುತ್ತೇನೆ ಅಂದೆ. ಸಾಲಿನ ಜಾಗ ಕೈಬದಲಾಯಿಸಲು ಬರುವುದಿಲ್ಲವಂತೆ. ನಾನು ಆ ಸರದಿಯಲ್ಲಿ ಏಳನ್ನು ಬಿಟ್ಟರೆ ನನ್ನ ಬೆನ್ನ ಹಿಂದಿರುವವನು ಬಾಯಿ ತೆರೆದುಕೊಂಡೇ ಇದ್ದಾನೆ.

ನಿಲ್ಲಲೂ ಆಗುತ್ತಿಲ್ಲ, ಕೂರಲೂ ಆಗುತ್ತಿಲ್ಲ. ನಿನ್ನೆ ಒಂದು ಸ್ಟಾಪಿನಲ್ಲಿ ನಿಲ್ಲಿಸದೆ ಹೋದೆ. ಹಿಂದಿನಿಂದ ಇಡೀ ಬಸ್ಸು ಕೂಗಿತು. ನಿನ್ನ ರೋಗ ನನಗೂ ಬಂದಿದೆ.

ಇತ್ತೀಚೆಗೆ ಅವಳೂ ನಾನೂ ಒಂದೇ ಬೆಂಚಿನಲ್ಲಿ ಕೂರುತ್ತೇವೆ. ಮಾತಿಲ್ಲ. ಆದರೆ ಬೆಂಚು ಒಂದೇ.

ಒಂದು ಯೋಚನೆ ಇದೆ. ಬರೆಯುವುದಿಲ್ಲ. ಬರೆದರೆ ನೀನು ಅದಕ್ಕೆ ನಾಲ್ಕು ಪುಟ ಸಲಹೆ ಕೊಡುತ್ತೀಯ.

ಇತಿ, ಮಗಳು

•

ಮಾರ್ಚ್ ೨೪

ಮಗಳೇ,

ಸಲಹೆ ಕೊಡುವುದಿಲ್ಲ. ಇಷ್ಟು ಬರೆಯಲು ನನಗೆ ಎಷ್ಟು ಕಷ್ಟವಾಯಿತೆಂದು ಈ ಪುಟದ ಗೀಟುಗಳನ್ನು ನೋಡಿದರೆ ತಿಳಿಯುತ್ತದೆ.

ಅಮ್ಮ

•

ಮಾರ್ಚ್ ೨೭

ಅಮ್ಮ,

ಇವತ್ತು ರೂಟು ಆರಿಸುವ ದಿನ ಮುಗಿಯಿತು. ಕೇಳು.

ಸಾಲಿನಲ್ಲಿ ನಿಂತೆವು. ನಿನ್ನ ಪಟ್ಟಿಯ ಕೊನೆಯಲ್ಲಿ ನೀಲಿ ಶಾಯಿಯಲ್ಲಿ ಹಾರನ್ ಹೆಸರು. ಅವಳು ಎಲ್ಲರ ಹಿಂದೆ, ಹೋದ ತಿಂಗಳು ಸೇರಿದ ಹೊಸಬನಿಗೂ ಹಿಂದೆ. ಅವಳನ್ನು ಯಾರೂ ನೋಡುತ್ತಿರಲಿಲ್ಲ. ಎಲ್ಲರೂ ನನ್ನನ್ನು ನೋಡುತ್ತಿದ್ದರು, ಇವಳು ಏನು ಮಾಡುತ್ತಾಳೆ ಅಂತ.

ನನ್ನ ಹೆಸರು ಕರೆದರು. "ಏಳು" ಅಂದೆ.

ಅಮ್ಮ, ಸಾಲಿನವರೆಲ್ಲ ನನ್ನಿಂದ ಒಂದು ಹೆಜ್ಜೆ ಸರಿದು ನಿಂತರು. ಮೇಸ್ತ್ರಿ ಕೂಡ ನಗಲಿಲ್ಲ. ಹೆಸರೂ ತೆಗೆಸಿದಳು, ರೂಟನ್ನೂ ಹೊಡೆದಳು ಅಂತ ಅವರ ಮುಖದಲ್ಲೇ ಬರೆದಿತ್ತು. ಕಾವಲುಗಾರರು ಬೇರೆ ಕಡೆ ತಿರುಗಿದರು. ಗೋಡೆಗೆ ಒರಗಿ ನಿಂತೆ. ಸಾಲು ಕರಗಲು ಒಂದು ಯುಗ ಹಿಡಿಯಿತು. ಕೊನೆಗೆ ಹಾರನ್‌ಳನ್ನು ಕರೆದರು. ಆರಿಸಲು ಏನೂ ಇರಲಿಲ್ಲ. "ನಲವತ್ತೊಂದು" ಅಂದಳು.

ಆರಿಸಿದ ದಿನವೇ, ಮ್ಯಾನೇಜರ್ ಸಹಿ ಬೀಳುವ ಮುಂಚೆ, ಇಬ್ಬರು ಒಪ್ಪಿದರೆ ರೂಟುಗಳ ಪರಸ್ಪರ ಬದಲಾವಣೆಗೆ ಅವಕಾಶವಿದೆ. ಅದರ ಅರ್ಜಿ ನಾಲ್ಕು ದಿನದಿಂದ ನನ್ನ ಜೇಬಿನಲ್ಲಿತ್ತು. ಮೊದಲೇ ಹೇಳಿದ್ದರೆ ಅವಳು ಹಟ ಹಿಡಿದು ಒಪ್ಪುತ್ತಿರಲಿಲ್ಲ. ಮೇಜಿನ ಮೇಲೆ ಅವಳ ಮುಂದೆ ಇಟ್ಟೆ.

"ಏನಿದು?"

"ಏಳು ನಿಂಗೆ, ನಲವತ್ತೊಂದು ನಂಗೆ. ಸಹಿ ಹಾಕು."

"ನಂಗೆ ಯಾರ ಕನಿಕರಾನೂ ಬೇಡ ಕಣೆ."

"ಕನಿಕರ ಯಾರು ಕೊಟ್ರು? ಮುಂದಿನ್ವರ್ಷ ನಿನ್ನ ತಗಡು ಮುಂದೆ. ಆವಾಗ ಏಳು ನಂಗೆ ಬಿಡ್ಬೇಕು."

ಪೆನ್ನು ಹಿಡಿದುಕೊಂಡು ನನ್ನನ್ನೇ ನೋಡಿದಳು. "ನೋಡೋಣ" ಅಂದಳು.

"ಹೋದ್ವರ್ಷಾನೂ ಅದನ್ನೇ ಅಂದಿದ್ದೆ."

ಅವಳು ನಕ್ಕಳು. ನನಗೂ ತಡೆಯಲಾಗಲಿಲ್ಲ. ಮ್ಯಾನೇಜರು ಇಬ್ಬರಿಗೂ ತಲೆ ಕೆಟ್ಟಿದೆ ಎಂದುಕೊಂಡು ಬೇಗ ಸಹಿ ಮಾಡಿದರು. ಮಧ್ಯಾಹ್ನ ಅವಳು ಡಿಪೋ ಗೇಟು ದಾಟುವಾಗ ಎಷ್ಟು ಹೊತ್ತು ಹಾರನ್ ಒತ್ತಿದಳೆಂದರೆ ಅಂಗಳದ ನಾಯಿಗಳೆಲ್ಲ ಎದ್ದವು.

ಆಮೇಲೆ ಬೆಂಚಿನ ಮೇಲೆ ಕೂತಾಗ ಹೊಳೆಯಿತು. ಏಪ್ರಿಲ್ ಒಂದರಿಂದ ದಿನಾ ಹತ್ತು ಗಂಟೆಗೆ ನಿನ್ನ ಕಿಟಕಿಯ ಕೆಳಗೆ ಬಂದು ನಿಲ್ಲಬೇಕು. ಆರು ಗಂಟೆಯ ಹೊಂಡ ನಿನ್ನ ಊರಿನಲ್ಲೇ. ಇಷ್ಟು ವರ್ಷ ನಾನು ತಪ್ಪಿಸಿಕೊಂಡದ್ದು ಅದರಿಂದಲೇ. ಪ್ರೋಗ್ರಾಂನಲ್ಲಿ ಬೇಕೆಂದೇ ಏನಾದರೂ ಮಾಡಿದೆಯಾ ಅಂತ ಈಗ ನನಗೆ ನಿಜವಾದ ಅನುಮಾನ.

ತರಬೇತಿ ಮುಗಿದ ದಿನ, ಊಟದ ತಟ್ಟೆಯ ಮುಂದೆ, ಬಸ್ ಓಡಿಸೋದಕ್ಕಾ ನಿನ್ನ ಓದಿಸಿದ್ದು ಅಂತ ನೀನು ಕೇಳಿದ್ದೆ. ಹಾರನ್ ಪಕ್ಕದಲ್ಲೇ ಕೂತಿದ್ದಳು. ಅದಕ್ಕೆ ಉತ್ತರ ನನ್ನ ಹತ್ತಿರ ಇನ್ನೂ ಇಲ್ಲ. ಎದುರಿಗೆ ಬಂದಾಗ ಮೂರನೇ ಮಾತಿನವರೆಗೆ ನಾನು ಕಾಯುತ್ತೇನೆ, ನಾಲ್ಕನೆಯದು ನೀನು ಹುಡುಕಿಟ್ಟಿರು.

ಇತಿ, ಮಗಳು

•

ಏಪ್ರಿಲ್ ೧

ಮಗಳೇ,

ಇದನ್ನು ಟಪಾಲು ಚೀಲಕ್ಕೆ ಹಾಕುವುದಿಲ್ಲ.

ಬೆಳಗ್ಗೆಯಿಂದ ಕೆಲಸ ಮಾಡಿಲ್ಲ. ಕೂರುವುದು, ಏಳುವುದು, ಕಿಟಕಿ. ಪಕ್ಕದ ಮೇಜಿನವರು ನಿಮಗೆ ಹುಷಾರಿಲ್ಲವೇ ಎಂದು ಕೇಳಿದರು. ನಮ್ಮ ಹುಡುಗಿ ಬಸ್ ತರುತ್ತಿದ್ದಾಳೆ ಎಂದೆ. ಏನು ಕೆಲಸ ಎಂದರು. ಬಸ್ ಚಾಲಕಿ ಎಂದೆ. ನೀನು ಹೇಳಿದ್ದು ನಿಜ, ಕಷ್ಟವಾಗಲಿಲ್ಲ.

ತಿದ್ದಿದ ಪ್ರೋಗ್ರಾಂ ಸಮಿತಿಯ ಕೈ ಸೇರುವುದು ಮೇ ತಿಂಗಳಿಗೆ. ಸೇರಿದ ದಿನ ಒಂದೇ ಆಗಿದ್ದರೆ ಹಿಂದಿನ ವರ್ಷ ಯಾರು ಮುಂದಿದ್ದರು ಎಂದು ಕೇಳು, ಈ ವರ್ಷ ಅವರನ್ನು ಹಿಂದೆ ನಿಲ್ಲಿಸು ಎಂದು ಎರಡನೆಯ ಪ್ರಶ್ನೆ ಕಲಿಸಿದ್ದೇನೆ. ನಿನ್ನೆ ಪರೀಕ್ಷೆಗೆ ನಿಮ್ಮಿಬ್ಬರನ್ನೇ ಒಳಗೆ ಬಿಟ್ಟೆ. ಇಬ್ಬರೂ ಹೊರಗೆ ಬಂದಿರಿ. ಈ ಸಲ ಎಣಿಸಿದೆ.

ಊಟದ ಡಬ್ಬಿ ಎರಡು ತಂದಿದ್ದೇನೆ. ನಾಲ್ಕನೆಯ ಮಾತು ಇನ್ನೂ ಸಿಕ್ಕಿಲ್ಲ, ಆದರೆ ಆರು ಗಂಟೆ ಇದೆಯಲ್ಲ.

ತಿರುವಿನಲ್ಲಿ ನಲವತ್ತೊಂದು ಕಾಣಿಸಿತು. ಗೇರು ಬದಲಿಸುವ ಸದ್ದು ಮೂರನೇ ಮಹಡಿಗೂ ಕೇಳುತ್ತಿದೆ. ಎರಡು ಕೈ ಗೊತ್ತಾಯಿತು, ಬೈಗುಳ ಇಲ್ಲಿಗೆ ಕೇಳಿಸಲಿಲ್ಲ.

ಇಷ್ಟಕ್ಕೆ ನಿಲ್ಲಿಸುತ್ತೇನೆ. ಕೆಳಗೆ ಇಳಿಯಬೇಕು.

ಅಮ್ಮ